ಸೆರೆಮನೆಯ ಪಾಠಶಾಲೆ

1848ನೆಯ ಇಸವಿಯ ಜೂನ್ ತಿಂಗಳ ಕೊನೆಯ ವಾರ. ಜಪಾನಿನ ಉತ್ತರ ತೀರಕ್ಕೆ ಸಮೀಪದ ಕಡಲಿನಲ್ಲಿ ‘ಪ್ಲಿಮತ್’ ಎಂಬ ಅಮೆರಿಕದ ಹಡಗೊಂದು ನಿಂತಿತ್ತು. ತಿಮಿಂಗಿಲಗಳನ್ನು ಬೇಟೆಯಾಡಿ, ಅವುಗಳ ಎಣ್ಣೆಯನ್ನು ಪೀಪಾಯಿಗಳಲ್ಲಿ ತುಂಬಿಕೊಂಡು ಹೋಗುವ ಹಡಗು ಅದು. ಆ ಹಡಗಿನಿಂದ ಒಂದು ಪುಟ್ಟ ದೋಣಿ ನೀರಿಗಿಳಿಯಿತು. ಅದರಲ್ಲಿ ಇದ್ದವನು ಒಬ್ಬನೇ ಒಬ್ಬ ತರುಣ, ವಯಸ್ಸು ಇಪ್ಪತ್ತನಾಲ್ಕು. ಅವನ ಜೊತೆಗೆ ಸ್ವಲ್ಪ ಆಹಾರ, ಕೆಲವು ಬಟ್ಟೆಗಳು, ಒಂದಿಷ್ಟು ಪುಸ್ತಕಗಳು ಇದ್ದವು. ಹಡಗಿನ ಸಂಗಡಿಗರು ಅವನನ್ನು ತಡೆಯಲು ಎಷ್ಟು ಬಗೆಯಲ್ಲಿ ಯತ್ನಿಸಿದರೂ ಅವನು ಕೇಳಲಿಲ್ಲ. ಅವನು ಹುಟ್ಟು ಹಾಕುತ್ತ ಹೊರಟ ದಿಕ್ಕಿನಲ್ಲಿ ಇದ್ದುದು, ಹೊರಗಿನವರು ಕಾಲಿಡಲು ಅಪ್ಪಣೆಯೇ ಇಲ್ಲದ ನಾಡು.

ಆ ತರುಣನ ಹೆಸರು ರಾನಲ್ಡ್ ಮ್ಯಾಕ್‌ಡೊನಾಲ್ಡ್. ಜಪಾನಿಗೆ ಹೋಗಿ, ಅಲ್ಲಿಯ ಜನರಿಗೆ ಇಂಗ್ಲಿಷನ್ನು ಕಲಿಸಿದ ಮೊದಲಿಗರಲ್ಲಿ ಇಂಗ್ಲಿಷನ್ನೇ ಆಡುತ್ತ ಬೆಳೆದವನು ಇವನೇ ಮೊದಲನೆಯವನೆಂದು ಇತಿಹಾಸಕಾರರು ಹೇಳುತ್ತಾರೆ. ಆದರೆ ಅವನ ಪಾಠಶಾಲೆಗೆ ಕರಿಹಲಗೆಯಿರಲಿಲ್ಲ, ಗಂಟೆಯಿರಲಿಲ್ಲ. ಅದು ಸರಳುಗಳಿದ್ದ ಒಂದು ಸಣ್ಣ ಕೋಣೆ. ವಿದ್ಯಾರ್ಥಿಗಳು ಪಾಠ ಮುಗಿದ ಮೇಲೆ ಮನೆಗೆ ಹೋಗುತ್ತಿದ್ದರು. ಉಪಾಧ್ಯಾಯನು ಮಾತ್ರ ಹೋಗುವಂತಿರಲಿಲ್ಲ.

ಜಪಾನು ಹೀಗೆ ಬಾಗಿಲು ಮುಚ್ಚಿಕೊಂಡದ್ದಕ್ಕೆ ಹಿನ್ನೆಲೆಯಿದೆ. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ವ್ಯಾಪಾರಕ್ಕಾಗಿಯೂ ಮತಪ್ರಚಾರಕ್ಕಾಗಿಯೂ ಅಲ್ಲಿಗೆ ಬಂದರು. ಪರದೇಶೀಯರ ಪ್ರಭಾವದಿಂದ ರಾಜ್ಯಕ್ಕೆ ಕೇಡಾದೀತೆಂದು ಬಗೆದ ತೊಕುಗಾವ ವಂಶದ ಆಡಳಿತಗಾರರು, 1630ರಿಂದ ಮುಂದಿನ ಹತ್ತು ವರ್ಷಗಳಲ್ಲಿ ಒಂದರ ಮೇಲೊಂದರಂತೆ ಕಟ್ಟಪ್ಪಣೆಗಳನ್ನು ಹೊರಡಿಸಿದರು. ಜಪಾನೀಯರು ದೇಶವನ್ನು ಬಿಟ್ಟು ಹೋಗಕೂಡದು. ಹೋದವರು ಹಿಂದಿರುಗಿದರೆ ಮರಣದಂಡನೆ. 1639ರಲ್ಲಿ ಪೋರ್ಚುಗೀಸರನ್ನು ಹೊರದೂಡಿದರು. ಯೂರೋಪಿನವರಲ್ಲಿ ಡಚ್ಚರಿಗೆ ಮಾತ್ರ ವ್ಯಾಪಾರದ ಅವಕಾಶವನ್ನು ಉಳಿಸಿ, 1641ರಲ್ಲಿ ಅವರನ್ನು ನಾಗಸಾಕಿಯ ಬಂದರಿನಲ್ಲಿದ್ದ ದೆಜಿಮ ಎಂಬ ಕೃತಕ ದ್ವೀಪಕ್ಕೆ ಸ್ಥಳಾಂತರಿಸಿದರು. ಬೀಸಣಿಗೆಯ ಆಕಾರದ ಆ ಪುಟ್ಟ ನೆಲವೇ ಮುಂದೆ ಇನ್ನೂರು ವರ್ಷಗಳ ಕಾಲ ಪಶ್ಚಿಮದ ಕಡೆಗೆ ತೆರೆದಿದ್ದ ಜಪಾನಿನ ಒಂದೇ ಒಂದು ಕಿಟಕಿಯಾಯಿತು. ಅಲ್ಲಿ ದುಭಾಷಿಗಳ ಕೆಲವು ಮನೆತನಗಳು ಇದ್ದವು. ತಂದೆಯಿಂದ ಮಗನಿಗೆ ಬರುತ್ತಿದ್ದ ಆ ವೃತ್ತಿಯವರು ಡಚ್ ಭಾಷೆಯಲ್ಲಿ ಪಳಗಿದವರಾಗಿದ್ದರು.

1808ರಲ್ಲಿ ‘ಫೇಟನ್’ ಎಂಬ ಬ್ರಿಟಿಷ್ ಯುದ್ಧನೌಕೆ ಡಚ್ಚರ ಬಾವುಟವನ್ನು ಏರಿಸಿಕೊಂಡು ನಾಗಸಾಕಿಯ ಬಂದರನ್ನು ಹೊಕ್ಕಿತು. ಬೆದರಿಕೆಯೊಡ್ಡಿ ತನಗೆ ಬೇಕಾದ ಸಾಮಗ್ರಿಗಳನ್ನು ಪಡೆದು ಹೊರಟುಹೋಯಿತು. ಈ ಅವಮಾನವನ್ನು ಸಹಿಸಲಾರದೆ ನಾಗಸಾಕಿಯ ಅಧಿಕಾರಿಯು ಆತ್ಮಾಹುತಿ ಮಾಡಿಕೊಂಡನು. ಡಚ್ ಭಾಷೆಯೊಂದೇ ಸಾಲದು, ಇಂಗ್ಲಿಷನ್ನೂ ಕಲಿಯಬೇಕು ಎಂದು ಸರ್ಕಾರಕ್ಕೆ ಆಗ ಹೊಳೆಯಿತು. ಆದರೆ ಕಲಿಸುವವರು ಯಾರು? ದೆಜಿಮದಲ್ಲಿದ್ದ ಬ್ಲೊಮ್‌ಹಾಫ್ ಎಂಬ ಡಚ್ಚನೇ ಗುರುವಾದನು. ದುಭಾಷಿಗಳು ಶ್ರಮಪಟ್ಟು 1814ರಲ್ಲಿ ಒಂದು ಇಂಗ್ಲಿಷ್ ಶಬ್ದಕೋಶವನ್ನೂ ಸಿದ್ಧಪಡಿಸಿದರು. ಆದರೂ ಅವರು ಕಲಿತದ್ದು ಡಚ್ಚರ ಬಾಯಿಯಿಂದ ಬಂದ ಇಂಗ್ಲಿಷ್. ಆ ಭಾಷೆಯನ್ನು ತಾಯ್ನುಡಿಯಾಗಿ ಆಡುವವನ ಉಚ್ಚಾರವನ್ನು ದಿನದಿನವೂ ಕಿವಿಯಾರೆ ಕೇಳಿ ಕಲಿಯುವ ಅವಕಾಶ ಅವರಿಗೆ ಒದಗಿರಲಿಲ್ಲ.

ಇಂಥ ನಾಡಿಗೆ ಮ್ಯಾಕ್‌ಡೊನಾಲ್ಡ್ ಹೋಗಬೇಕೆಂದು ಬಯಸಿದ್ದೇಕೆ? ಉತ್ತರವನ್ನು ಅವನ ಹುಟ್ಟಿನಲ್ಲಿಯೇ ಹುಡುಕಬೇಕು. ಅವನು ಹುಟ್ಟಿದ್ದು 1824ರಲ್ಲಿ, ಉತ್ತರ ಅಮೆರಿಕದ ಪಶ್ಚಿಮ ತೀರದ ಆರೆಗನ್ ಪ್ರಾಂತದಲ್ಲಿ. ತಂದೆ ಸ್ಕಾಟ್ಲೆಂಡಿನವನು, ತುಪ್ಪುಳಿನ ಚರ್ಮದ ವ್ಯಾಪಾರ ನಡೆಸುತ್ತಿದ್ದ ಹಡ್ಸನ್ ಬೇ ಕಂಪನಿಯ ಉದ್ಯೋಗಿ. ತಾಯಿ ಅಲ್ಲಿಯ ಮೂಲನಿವಾಸಿಗಳಾದ ಚಿನೂಕ್ ಜನರ ನಾಯಕ ಕಾಮ್‌ಕಾಮ್ಲಿಯ ಮಗಳು. ಮಗು ಹುಟ್ಟಿದ ಕೆಲವೇ ದಿನಗಳಲ್ಲಿ ತಾಯಿ ತೀರಿಕೊಂಡಳು. ತಂದೆ ಮಗನನ್ನು ಒಳ್ಳೆಯ ಶಾಲೆಗೆ ಸೇರಿಸಿದನು. ಅನಂತರ ಕೆನಡದ ಒಂದು ಊರಿನಲ್ಲಿ ಬ್ಯಾಂಕಿನ ಕೆಲಸ ಕಲಿಯಲು ಬಿಟ್ಟನು. ಲೆಕ್ಕದ ಪುಸ್ತಕಗಳ ನಡುವೆ ಆ ಹುಡುಗನ ಮನಸ್ಸು ನಿಲ್ಲಲಿಲ್ಲ. ಬಿಳಿಯರ ಸಮಾಜದಲ್ಲಿ ಅವನು ಪೂರ್ತಿಯಾಗಿ ಬಿಳಿಯನಲ್ಲ. ತಾಯಿಯ ಜನರ ನಡುವೆ ಅವನು ಬೆಳೆಯಲೂ ಇಲ್ಲ. ಎರಡು ದಡಗಳ ನಡುವಿನ ನೀರಿನಂತಿತ್ತು ಅವನ ಬಾಳು.

1834ರಲ್ಲಿ ಬಿರುಗಾಳಿಗೆ ಸಿಕ್ಕಿದ ಒಂದು ಜಪಾನೀ ಹಡಗು ತಿಂಗಳುಗಟ್ಟಲೆ ತೇಲಿ ಬಂದು ಅಮೆರಿಕದ ಪಶ್ಚಿಮ ತೀರಕ್ಕೆ ಬಡಿದಿತ್ತು. ಅದರಲ್ಲಿ ಬದುಕಿ ಉಳಿದವರು ಮೂವರು ಮಾತ್ರ. ಸಾಗರದ ಆಚೆಯ ದಡದಲ್ಲಿಯೂ ಜನರಿದ್ದಾರೆ, ಅವರ ಮುಖಚಹರೆ ತನ್ನ ತಾಯಿಯ ಕಡೆಯವರನ್ನು ಹೋಲುತ್ತದೆ, ಬಹುಶಃ ಇಬ್ಬರ ಮೂಲವೂ ಒಂದೇ ಇರಬಹುದು ಎಂಬ ಭಾವನೆ ಮ್ಯಾಕ್‌ಡೊನಾಲ್ಡನ ಮನಸ್ಸಿನಲ್ಲಿ ಬೇರೂರಿತು. ಆ ಜನರನ್ನು ಕಾಣಬೇಕು, ಅವರ ಮಾತನ್ನು ಕಲಿಯಬೇಕು, ತನಗೆ ಬಲ್ಲದ್ದನ್ನು ಅವರಿಗೆ ಕಲಿಸಬೇಕು. ಎಂದಾದರೊಂದು ದಿನ ಆ ನಾಡಿನ ಬಾಗಿಲು ತೆರೆದಾಗ ಎರಡು ಜನಾಂಗಗಳ ನಡುವೆ ದುಭಾಷಿಯಾಗಿ ನಿಲ್ಲಬೇಕು. ಇದು ಅವನ ಹಂಬಲ. ಬ್ಯಾಂಕಿನ ಕೆಲಸವನ್ನು ತೊರೆದು ನಾವಿಕನಾದನು. ‘ಪ್ಲಿಮತ್’ ಹಡಗು ಜಪಾನಿನ ಬಳಿಗೆ ಬಂದಾಗ, ಮೊದಲೇ ಮಾಡಿಕೊಂಡಿದ್ದ ಒಪ್ಪಂದದಂತೆ ದೋಣಿಯೊಂದನ್ನು ಪಡೆದು ಇಳಿದನು.

ಬೇಕೆಂದೇ ಬಂದವನೆಂದು ತಿಳಿದರೆ ಗತಿಯೇನೆಂಬುದು ಅವನಿಗೆ ಗೊತ್ತಿತ್ತು. ಆದುದರಿಂದ ಅವನು ಒಂದು ಉಪಾಯ ಹೂಡಿದನು. ರಿಷಿರಿ ದ್ವೀಪದ ಬಳಿ ತನ್ನ ದೋಣಿಯನ್ನು ತಾನೇ ಬುಡಮೇಲು ಮಾಡಿ, ಹಡಗೊಡೆದು ದಿಕ್ಕುಗೆಟ್ಟವನಂತೆ ನಟಿಸಿದನು. ಆ ದೋಣಿಯ ಚುಕ್ಕಾಣಿ ಮುಂದೆ ಬೇರೊಂದು ಹಡಗಿನವರಿಗೆ ಕಡಲಿನಲ್ಲಿ ತೇಲುತ್ತಿರುವಾಗ ಸಿಕ್ಕಿತು. ಮ್ಯಾಕ್‌ಡೊನಾಲ್ಡ್ ಮುಳುಗಿ ಸತ್ತನೆಂದೇ ಹೊರಗಿನ ಲೋಕ ನಂಬಿತು.

ದಡದಲ್ಲಿ ಅವನನ್ನು ಮೊದಲು ಕಂಡವರು ಐನು ಜನರು. ಉದ್ದವಾದ ಗಡ್ಡ ಬಿಟ್ಟಿದ್ದ ಆ ಬೆಸ್ತರು ಅಂಗೈಗಳನ್ನು ಮೇಲಕ್ಕೆತ್ತಿ, ಗಡ್ಡವನ್ನು ನೀವಿಕೊಂಡು ವಂದಿಸಿದರು. ಇವನು ತನಗೆ ಬಂದ ರೀತಿಯಲ್ಲಿ ತಲೆಬಾಗಿದನು. ಒಬ್ಬರ ಮಾತು ಒಬ್ಬರಿಗೆ ತಿಳಿಯದು. ಆದರೂ ಅವರು ಕೈಹಿಡಿದು ನಡೆಸಿಕೊಂಡು ಹೋಗಿ, ಮನೆಯೊಳಗೆ ಕೂರಿಸಿ, ಅನ್ನ ಮತ್ತು ಸುಟ್ಟ ಮೀನನ್ನು ಬಡಿಸಿದರು. ಹಸಿದವನಿಗೆ ಅನ್ನವಿಡುವುದಕ್ಕೆ ಭಾಷೆ ಬೇಕಾಗುವುದಿಲ್ಲ.

ಸುದ್ದಿ ಅಧಿಕಾರಿಗಳಿಗೆ ಮುಟ್ಟಿತು. ಅಲ್ಲಿಂದ ಮುಂದೆ ಅವನು ಅತಿಥಿಯಲ್ಲ, ಬಂದಿ. ಕಾವಲಿನಲ್ಲಿ ಅವನನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುತ್ತ, ದಕ್ಷಿಣದ ಮತ್ಸುಮಾಯೆ ಎಂಬ ಊರಿಗೆ ತಂದರು. ಅಲ್ಲಿ ಅವನನ್ನಿರಿಸಿದ ಕೋಣೆಯ ಗೋಡೆಯ ಮೇಲೆ ಇದ್ದಿಲಿನಿಂದ ಬರೆದ ಕೆಲವು ಇಂಗ್ಲಿಷ್ ಹೆಸರುಗಳು ಕಣ್ಣಿಗೆ ಬಿದ್ದವು. ತನಗಿಂತ ಮುಂಚೆ ಬೇರೆ ನಾವಿಕರೂ ಈ ಸೆರೆಯಲ್ಲಿದ್ದರೆಂದು ತಿಳಿದು ಅವನಿಗೆ ಒಂದು ಕಡೆ ಧೈರ್ಯವೂ ಇನ್ನೊಂದು ಕಡೆ ಅಂಜಿಕೆಯೂ ಉಂಟಾಗಿರಬೇಕು. ಹೆಸರುಗಳಿವೆ, ಮನುಷ್ಯರೆಲ್ಲಿ? ಗೋಡೆ ಉತ್ತರ ಕೊಡಲಿಲ್ಲ.

ಅಕ್ಟೋಬರಿನಲ್ಲಿ ಸಮುದ್ರಮಾರ್ಗವಾಗಿ ಅವನನ್ನು ನಾಗಸಾಕಿಗೆ ಕರೆತಂದರು. ವಿದೇಶೀಯರಿಗೆ ಸಂಬಂಧಿಸಿದ ವಿಚಾರಣೆಗಳೆಲ್ಲ ನಡೆಯುತ್ತಿದ್ದುದು ಅಲ್ಲಿಯೇ. ನ್ಯಾಯಸ್ಥಾನದ ಬಾಗಿಲಿನಲ್ಲಿ ನೆಲದ ಮೇಲೆ ಒಂದು ಲೋಹದ ಬಿಲ್ಲೆಯನ್ನು ಇಟ್ಟಿದ್ದರು. ಅದರ ಮೇಲೆ ಕ್ರೈಸ್ತರು ಪೂಜ್ಯವೆಂದು ಭಾವಿಸುವ ಚಿತ್ರ. ಒಳಹೋಗುವವರು ಅದನ್ನು ತುಳಿಯಬೇಕು; ತುಳಿಯಲೊಲ್ಲದವನು ಕ್ರೈಸ್ತನೆಂದು ತೀರ್ಮಾನ. ಮ್ಯಾಕ್‌ಡೊನಾಲ್ಡ್ ವಿಗ್ರಹಗಳನ್ನು ಪೂಜಿಸದ ಪ್ರೊಟೆಸ್ಟೆಂಟ್ ಪಂಥದವನು. ಅವನು ಅಳುಕದೆ ಕಾಲಿಟ್ಟು ಮುಂದೆ ಹೋದನು.

ಒಳಗೆ ಮೊರಿಯಾಮ ಏನೊಸುಕೆ ಎಂಬ ದುಭಾಷಿ ಕುಳಿತಿದ್ದನು. ಅವನಿಗಿನ್ನೂ ಮೂವತ್ತು ವರ್ಷ ತುಂಬಿರಲಿಲ್ಲ. ಅಧಿಕಾರಿ ಬಂದಾಗ ನೆಲಕ್ಕೆ ತಲೆ ಮುಟ್ಟುವಂತೆ ಬಾಗಬೇಕೆಂದು ಅವನು ಬಂದಿಗೆ ತಿಳಿಸಿದನು. ಬಂದಿ ಅಷ್ಟು ಬಾಗಲಿಲ್ಲ. ಅಧಿಕಾರಿಯ ಕಣ್ಣನ್ನೇ ನೇರವಾಗಿ ನೋಡಿದನು. ಸಭೆ ಸ್ತಬ್ಧವಾಯಿತು. ಅಧಿಕಾರಿ ಕೋಪಗೊಳ್ಳಲಿಲ್ಲ, ಈತನದು ದೊಡ್ಡ ಗುಂಡಿಗೆಯೆಂದು ಹೇಳಿದನೆಂದು ಮೊರಿಯಾಮನಿಂದ ಮುಂದೆ ತಿಳಿಯಿತು.

ವಿಚಾರಣೆ ನಡೆಯಿತು. ನಿನ್ನ ಊರು ಯಾವುದು, ಏಕೆ ಬಂದೆ ಎಂಬ ಪ್ರಶ್ನೆಗಳಾದ ಮೇಲೆ, ಸ್ವರ್ಗದಲ್ಲಿ ದೇವರಿದ್ದಾನೆಂದು ನಂಬುತ್ತೀಯಾ ಎಂಬ ಪ್ರಶ್ನೆ ಬಂದಿತು. ಅವನು ನಂಬುತ್ತೇನೆಂದನು. ಏನೆಂದು ನಂಬುತ್ತೀಯೆ ಎಂದು ಕೇಳಿದಾಗ, ಬಾಲ್ಯದಲ್ಲಿ ಕಲಿತ ಕ್ರೈಸ್ತರ ನಂಬಿಕೆಯ ವಾಕ್ಯಗಳನ್ನು ಒಪ್ಪಿಸಲು ತೊಡಗಿದನು. ಇನ್ನೆರಡು ಮಾತು ಮುಂದುವರಿದಿದ್ದರೆ, ಆ ನಾಡಿನಲ್ಲಿ ನಿಷಿದ್ಧವಾದ ಹೆಸರುಗಳೇ ಅವನ ಬಾಯಿಂದ ಹೊರಬರುತ್ತಿದ್ದವು. ಮೊರಿಯಾಮ ಒಡನೆಯೇ ಅಷ್ಟೇ ಸಾಕೆಂದು ಪಿಸುಗುಟ್ಟಿ ಅವನನ್ನು ತಡೆದನು. ಹೇಳಿದ್ದರಲ್ಲಿ ಎಷ್ಟನ್ನು ಹೇಳಬಹುದೋ ಅಷ್ಟನ್ನು ಮಾತ್ರ ಜಪಾನಿಯಲ್ಲಿ ಅನುವಾದಿಸಿದನು. ಈ ಸಂಗತಿಯನ್ನು ಮ್ಯಾಕ್‌ಡೊನಾಲ್ಡ್ ತನ್ನ ಕಥನದಲ್ಲಿ ಕೃತಜ್ಞತೆಯಿಂದ ನೆನೆದಿದ್ದಾನೆ. ಪಾಠ ಇನ್ನೂ ಮೊದಲಾಗಿರಲಿಲ್ಲ. ಶಿಷ್ಯನಾಗಲಿದ್ದವನು ಗುರುವನ್ನು ಆಗಲೇ ಕಾಪಾಡಿದ್ದನು.

ಅವನ ವಾಸಕ್ಕೆ ಒಂದು ದೇವಾಲಯಕ್ಕೆ ಸೇರಿದ ಕಟ್ಟಡದಲ್ಲಿ ಸಣ್ಣ ಕೋಣೆಯೊಂದನ್ನು ಕೊಟ್ಟರು. ಅಗಲ ಸುಮಾರು ಏಳು ಅಡಿ, ಉದ್ದ ಸುಮಾರು ಒಂಬತ್ತು ಅಡಿ. ಮುಂದೆ ಮರದ ಸರಳುಗಳು, ಹೊರಗೆ ಕಾವಲಿನವರು. ಕುರ್ಚಿ, ಮೇಜು, ಮಂಚಗಳ ಅಭ್ಯಾಸವಿದ್ದವನು ಚಾಪೆಯ ಮೇಲೆ ಕೂರುವುದನ್ನು ಕಲಿಯಬೇಕಾಯಿತು. ರೊಟ್ಟಿ ಮಾಂಸಗಳಿಗೆ ಒಗ್ಗಿದ ನಾಲಗೆ ಅನ್ನ, ಮೀನು, ಉಪ್ಪಿನಕಾಯಿಗಳಿಗೆ ಹೊಂದಿಕೊಳ್ಳಬೇಕಾಯಿತು. ಎಲ್ಲಕ್ಕಿಂತ ಕಷ್ಟವಾದದ್ದು ಏಕಾಂತ. ಬಯಲುಗಳಲ್ಲಿ ಕುದುರೆ ಓಡಿಸಿದವನು, ಸಾಗರಗಳನ್ನು ದಾಟಿದವನು ಈಗ ನಾಲ್ಕು ಹೆಜ್ಜೆ ನಡೆದರೆ ಗೋಡೆ. ಕೆಲವು ದಿನಗಳ ಮೇಲೆ ಅವನ ಪುಸ್ತಕಗಳು ಅವನಿಗೆ ಮರಳಿ ದೊರೆತವು. ಅದೊಂದು ದೊಡ್ಡ ಸಮಾಧಾನ.

ಅದಕ್ಕಿಂತ ದೊಡ್ಡ ಸಮಾಧಾನ ದೊರೆತದ್ದು, ದುಭಾಷಿಗಳು ಅವನ ಬಳಿಗೆ ಪಾಠಕ್ಕೆ ಬರತೊಡಗಿದಾಗ. ಅವರು ಹದಿನಾಲ್ಕು ಮಂದಿ. ಮೊರಿಯಾಮ ಅವರಲ್ಲಿ ಮುಂದಾಳು. ಎಲ್ಲರೂ ಬೆಳೆದವರು, ಡಚ್ ಭಾಷೆಯಲ್ಲಿ ನುರಿತವರು, ಸರ್ಕಾರದ ಸೇವೆಯಲ್ಲಿದ್ದವರು. ಪಾಠದ ಕ್ರಮ ಸರಳವಾಗಿತ್ತು. ಶಿಷ್ಯರು ಸರದಿಯಂತೆ ಒಬ್ಬೊಬ್ಬರಾಗಿ ಇಂಗ್ಲಿಷನ್ನು ಗಟ್ಟಿಯಾಗಿ ಓದುವುದು. ಗುರು ಉಚ್ಚಾರವನ್ನು ತಿದ್ದುವುದು. ಅರ್ಥವಾಗದ ಶಬ್ದ ಬಂದರೆ, ತನಗೆ ತಿಳಿದ ಅಷ್ಟಿಷ್ಟು ಜಪಾನೀ ಮಾತಿನಿಂದಲೂ ಹಾವಭಾವಗಳಿಂದಲೂ ಅದನ್ನು ವಿವರಿಸುವುದು. ವ್ಯಾಕರಣದಲ್ಲಿ ಅವರು ಬಹು ಚುರುಕು. ತೊಡಕೆಲ್ಲ ಇದ್ದುದು ನಾಲಗೆಯಲ್ಲಿ.

ಜಪಾನೀ ಭಾಷೆಯಲ್ಲಿ ‘ಲ’ಕಾರವಿಲ್ಲ. ಆದುದರಿಂದ ಶಿಷ್ಯರು ‘ಲ’ ಇದ್ದಲ್ಲೆಲ್ಲ ‘ರ’ ಎನ್ನುತ್ತಿದ್ದರು. ಅಲ್ಲದೆ ಜಪಾನೀ ಶಬ್ದಗಳು ಸಾಮಾನ್ಯವಾಗಿ ಸ್ವರದಿಂದಲೇ ಮುಗಿಯುತ್ತವೆ. ಅನುನಾಸಿಕವೊಂದನ್ನು ಬಿಟ್ಟರೆ ವ್ಯಂಜನಾಂತವಾದ ಶಬ್ದ ಅಲ್ಲಿಲ್ಲ. ಹೀಗಾಗಿ ಇಂಗ್ಲಿಷ್ ಶಬ್ದಗಳ ಕೊನೆಗೆ ಅವರು ತಮಗರಿಯದೆಯೇ ಒಂದು ಸ್ವರವನ್ನು ಸೇರಿಸುತ್ತಿದ್ದರು. ಇಂದಿಗೂ ಜಪಾನೀ ಭಾಷೆಗೆ ಬಂದ ‘ಮಿಲ್ಕ್’ ಎಂಬುದು ‘ಮಿರುಕು’ ಆಗಿದೆ, ‘ಲ್ಯಾಂಪ್’ ಎಂಬುದು ‘ರಂಪು’ ಆಗಿದೆ. ಇದನ್ನು ಕೇಳಿ ಕನ್ನಡಿಗರು ನಗಬೇಕಾಗಿಲ್ಲ. ನಾವೂ ‘ಬಸ್’ ಎಂಬುದನ್ನು ‘ಬಸ್ಸು’ ಎಂದೂ ‘ಬ್ಯಾಂಕ್’ ಎಂಬುದನ್ನು ‘ಬ್ಯಾಂಕು’ ಎಂದೂ ಮಾಡಿಕೊಂಡಿಲ್ಲವೇ? ಸ್ವರಾಂತವಾಗಿ ಮುಗಿಯುವುದು ಕನ್ನಡದ ಜಾಯಮಾನವೂ ಹೌದು. ಪ್ರತಿಯೊಂದು ಭಾಷೆಯೂ ಹೊರಗಿನಿಂದ ಬಂದ ಶಬ್ದಕ್ಕೆ ತನ್ನ ಮನೆಯ ಉಡುಪನ್ನು ತೊಡಿಸಿಯೇ ಒಳಕ್ಕೆ ಕರೆದುಕೊಳ್ಳುತ್ತದೆ.

ಮ್ಯಾಕ್‌ಡೊನಾಲ್ಡ್ ಶಿಷ್ಯರ ತಪ್ಪುಗಳನ್ನು ಹೀಯಾಳಿಸಲಿಲ್ಲ. ಅದಕ್ಕೆ ಕಾರಣವಿತ್ತು: ಅವನೂ ಅದೇ ಹೊತ್ತಿನಲ್ಲಿ ವಿದ್ಯಾರ್ಥಿಯಾಗಿದ್ದನು. ಕಾವಲಿನವರು ಆಡುವ ಮಾತು, ಊಟ ತರುವವರು ಹೇಳುವ ಮಾತು, ಶಿಷ್ಯರು ತಮ್ಮತಮ್ಮೊಳಗೆ ಆಡಿಕೊಳ್ಳುವ ಮಾತು ಎಲ್ಲವನ್ನೂ ಕಿವಿಗೊಟ್ಟು ಕೇಳಿ, ಕೇಳಿದಂತೆ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿಟ್ಟುಕೊಳ್ಳುತ್ತಿದ್ದನು. ಹೀಗೆ ನೂರಾರು ಶಬ್ದಗಳ ಒಂದು ಪಟ್ಟಿ ಬೆಳೆಯಿತು. ಅದರಲ್ಲಿರುವುದು ಪುಸ್ತಕದ ಭಾಷೆಯಲ್ಲ, ನಾಗಸಾಕಿಯ ಜನರ ಆಡುನುಡಿ. ತಾನೇ ತಡವರಿಸುತ್ತಿರುವವನಿಗೆ ಇನ್ನೊಬ್ಬರ ತಡವರಿಕೆಯಲ್ಲಿ ಸಹನೆ ಹುಟ್ಟುತ್ತದೆ. ಕಲಿಯುವುದನ್ನು ನಿಲ್ಲಿಸದವನೇ ಕಲಿಸಲು ಅರ್ಹನು ಎಂಬುದಕ್ಕೆ ಆ ಕೋಣೆ ಸಾಕ್ಷಿಯಾಗಿತ್ತು.

ಅದೇ ಊರಿನಲ್ಲಿ, ಅದೇ ಚಳಿಗಾಲದಲ್ಲಿ ಇನ್ನೊಂದು ಕಥೆಯೂ ನಡೆಯುತ್ತಿತ್ತು. ‘ಲಗೋಡ’ ಎಂಬ ಹಡಗಿನಿಂದ ತಪ್ಪಿಸಿಕೊಂಡು ಬಂದಿದ್ದ ಹದಿನೈದು ಮಂದಿ ನಾವಿಕರು ನಾಗಸಾಕಿಯಲ್ಲಿಯೇ ಸೆರೆಯಲ್ಲಿದ್ದರು. ಮತ್ಸುಮಾಯೆಯ ಗೋಡೆಯ ಮೇಲೆ ಹೆಸರು ಬರೆದಿದ್ದವರು ಇವರ ಕಡೆಯವರೇ. ಅವರು ಮತ್ತೆ ಮತ್ತೆ ಓಡಿಹೋಗಲು ಯತ್ನಿಸಿದರು; ಮತ್ತೆ ಮತ್ತೆ ಸಿಕ್ಕಿಬಿದ್ದರು. ಪ್ರತಿಸಲವೂ ಕಾವಲು ಬಿಗಿಯಾಯಿತು, ಶಿಕ್ಷೆ ಕಠಿನವಾಯಿತು. ಅವರಲ್ಲಿ ಇಬ್ಬರು ಸೆರೆಯಲ್ಲಿಯೇ ಪ್ರಾಣ ಬಿಟ್ಟರು. ಕಾನೂನು ಒಂದೇ, ಊರು ಒಂದೇ, ಅಧಿಕಾರಿಗಳೂ ಅವರೇ. ಆದರೂ ಮ್ಯಾಕ್‌ಡೊನಾಲ್ಡನಿಗೆ ದೊರೆತ ಮರ್ಯಾದೆ ಅವರಿಗೆ ದೊರೆಯಲಿಲ್ಲ. ಅವರ ಕಷ್ಟವನ್ನು ಹಗುರವಾಗಿ ಕಾಣುವುದು ನ್ಯಾಯವಲ್ಲ. ಅವರು ಬಯಸಿದ್ದು ಬಿಡುಗಡೆಯನ್ನು. ಇವನಾದರೋ ಆ ನಾಡನ್ನು ಅರಿಯಲೆಂದೇ ಬಂದವನು. ಬಾಗಿಲು ಎಲ್ಲಿದೆಯೆಂದು ಅವರು ಹುಡುಕುತ್ತಿದ್ದರು. ಬಾಗಿಲ ಬಳಿ ನಿಂತವನ ಹೆಸರೇನೆಂದು ಇವನು ಕೇಳುತ್ತಿದ್ದನು. ಅಂತರವಿದ್ದುದು ಇಲ್ಲಿ.

1849ರ ಏಪ್ರಿಲ್ ತಿಂಗಳಿನಲ್ಲಿ ‘ಪ್ರೆಬಲ್’ ಎಂಬ ಅಮೆರಿಕದ ಯುದ್ಧನೌಕೆ ನಾಗಸಾಕಿಗೆ ಬಂದಿತು. ನಾವಿಕರು ಸೆರೆಯಲ್ಲಿದ್ದಾರೆಂಬ ವರ್ತಮಾನ ಡಚ್ಚರ ಮೂಲಕ ಹೊರಗೆ ತಲಪಿತ್ತು. ನೌಕೆಯ ಮುಖ್ಯಸ್ಥನಾದ ಜೇಮ್ಸ್ ಗ್ಲಿನ್ ಅವರನ್ನು ಬಿಡಿಸಿಕೊಂಡು ಹೋಗಲು ಬಂದಿದ್ದನು. ಈ ಗ್ಲಿನ್ ಎಷ್ಟು ದೊಡ್ಡ ಅಧಿಕಾರಿಯೆಂಬುದು ಜಪಾನೀಯರಿಗೆ ತಿಳಿಯಬೇಕಾಗಿತ್ತು. ಅವರು ಮ್ಯಾಕ್‌ಡೊನಾಲ್ಡನನ್ನು ಕೇಳಿದರು. ಅವನು ಮೇಲಿನಿಂದ ಕೆಳಕ್ಕೆ ಪದವಿಗಳನ್ನು ಎಣಿಸುತ್ತ, ಎಲ್ಲಕ್ಕಿಂತ ಮೇಲಿನವರು ಪ್ರಜೆಗಳು, ಅನಂತರ ಅಧ್ಯಕ್ಷ, ಅವನ ತರುವಾಯ ಮಂತ್ರಿ ಎಂದು ಹೇಳತೊಡಗಿದನು. ಅಧ್ಯಕ್ಷನಿಗಿಂತ ಪ್ರಜೆಗಳು ಮೇಲೆ ಎಂಬ ಮಾತು ಅವರಿಗೆ ಎಷ್ಟು ಹೇಳಿದರೂ ಅರ್ಥವಾಗಲಿಲ್ಲ. ‘ಪ್ರಜೆ’ ಎಂಬ ಶಬ್ದಕ್ಕೆ ಸಮಾನವಾದ ಶಬ್ದ ಅವರ ಭಾಷೆಯಲ್ಲಿ ಇರದೆ ಇರಲಿಲ್ಲ. ಆದರೆ ಪದವಿಗಳ ಮೆಟ್ಟಿಲಿನಲ್ಲಿ ಆ ಶಬ್ದದ ಸ್ಥಾನ ಕಟ್ಟಕಡೆಯದು. ಭಾಷಾಂತರಕ್ಕೆ ಶಬ್ದಕೋಶವೊಂದೇ ಸಾಲದೆಂಬುದನ್ನು ಗುರುಶಿಷ್ಯರಿಬ್ಬರೂ ಆ ದಿನ ಕಂಡುಕೊಂಡಿರಬೇಕು.

ಏಪ್ರಿಲ್ ಕೊನೆಯಲ್ಲಿ ಬಿಡುಗಡೆಯಾಯಿತು. ‘ಲಗೋಡ’ದಲ್ಲಿ ಉಳಿದಿದ್ದ ಹದಿಮೂವರ ಜೊತೆಯಲ್ಲಿ ಮ್ಯಾಕ್‌ಡೊನಾಲ್ಡನೂ ‘ಪ್ರೆಬಲ್’ ನೌಕೆಯನ್ನು ಏರಿದನು. ಜಪಾನಿನಲ್ಲಿ ಅವನು ಕಳೆದದ್ದು ಹತ್ತು ತಿಂಗಳು. ಅದರಲ್ಲಿ ಸುಮಾರು ಏಳು ತಿಂಗಳು ಆ ಪುಟ್ಟ ಕೋಣೆಯಲ್ಲಿ. ಮತ್ತೆ ಅವನು ಆ ನಾಡನ್ನು ಕಾಣಲಿಲ್ಲ.

ಗುರು ಹೋದನು, ಪಾಠ ಉಳಿಯಿತು. 1853ರಲ್ಲಿ ಅಮೆರಿಕದ ನೌಕಾಧಿಪತಿ ಪೆರಿ ತನ್ನ ಹಡಗುಗಳೊಡನೆ ಬಂದು ಬಾಗಿಲು ತೆರೆಯಬೇಕೆಂದು ಒತ್ತಾಯಿಸಿದನು. ಮರುವರ್ಷ, 1854ರ ಮಾರ್ಚ್ 31ರಂದು, ಕನಗಾವದ ಒಪ್ಪಂದಕ್ಕೆ ಸಹಿ ಬಿದ್ದಿತು. ಆ ಸಂಧಾನದಲ್ಲಿ ಜಪಾನಿನ ಮುಖ್ಯ ದುಭಾಷಿಯಾಗಿದ್ದವನು ಮೊರಿಯಾಮ. ಇದೆಲ್ಲವೂ ಮ್ಯಾಕ್‌ಡೊನಾಲ್ಡನ ಪಾಠದ ಫಲವೆಂದು ಹೇಳಿದರೆ ಅತಿಶಯೋಕ್ತಿಯಾದೀತು. ಮೊರಿಯಾಮನಿಗೆ ಅದಕ್ಕೆ ಮುಂಚೆಯೇ ಸ್ವಲ್ಪ ಇಂಗ್ಲಿಷ್ ಬರುತ್ತಿತ್ತು. ಸಂಧಾನದ ಮಾತುಗಳೂ ಬಹುಮಟ್ಟಿಗೆ ಡಚ್ ಭಾಷೆಯಲ್ಲಿಯೇ ನಡೆದವು. ಆದರೆ ಎದುರಿನವರು ತಮ್ಮೊಳಗೆ ಆಡುವ ಮಾತನ್ನು ಕೇಳಿ ತಿಳಿಯಬಲ್ಲ ಒಬ್ಬನು ತನ್ನ ಕಡೆ ಕುಳಿತಿರುವುದು ಯಾವ ನಾಡಿಗಾದರೂ ಸಣ್ಣ ಬಲವಲ್ಲ. ಮೊರಿಯಾಮ ಮುಂದೆ ಎಡೊ ನಗರದಲ್ಲಿ ತಾನೇ ಇಂಗ್ಲಿಷ್ ಕಲಿಸುವವನಾದನು. ಕೆಯೊ ವಿಶ್ವವಿದ್ಯಾನಿಲಯವಾಗಿ ಬೆಳೆದ ಶಾಲೆಯನ್ನು 1858ರಲ್ಲಿ ಸ್ಥಾಪಿಸಿದ ಫುಕುಜಾವ ಯುಕಿಚಿ, ಇಂಗ್ಲಿಷ್ ಪಾಠಕ್ಕಾಗಿ ಇವನ ಮನೆಗೆ ಬಹುದೂರ ನಡೆದು ಹೋಗುತ್ತಿದ್ದನು. ಮೊರಿಯಾಮನಿಗೆ ಸರ್ಕಾರದ ಕೆಲಸದ ಒತ್ತಡದಿಂದ ಬಿಡುವೇ ದೊರೆಯದೆ, ಅವನು ಎಷ್ಟೋ ಸಲ ಬರಿಗೈಯಲ್ಲಿ ಮರಳಬೇಕಾಯಿತು.

ಇತ್ತ ಮ್ಯಾಕ್‌ಡೊನಾಲ್ಡನ ಬಾಳಿನಲ್ಲಿ ಕೀರ್ತಿ ಬರಲಿಲ್ಲ. ಅವನು ಆಸ್ಟ್ರೇಲಿಯದ ಚಿನ್ನದ ಗಣಿಗಳಲ್ಲಿ ದುಡಿದನು. ಕೆನಡಕ್ಕೆ ಮರಳಿ ನಾನಾ ಉದ್ಯೋಗಗಳನ್ನು ಮಾಡಿದನು. 1864ರಲ್ಲಿ ವ್ಯಾಂಕೂವರ್ ದ್ವೀಪದ ಶೋಧನೆಗೆ ಹೊರಟ ತಂಡದೊಡನೆ ಹೋದನು. ಎರಡು ಜನಾಂಗಗಳ ನಡುವೆ ದುಭಾಷಿಯಾಗಬೇಕೆಂಬ ಅವನ ಹಂಬಲ ಕೈಗೂಡಲಿಲ್ಲ. ಆ ಸ್ಥಾನದಲ್ಲಿ ಅವನ ಶಿಷ್ಯನು ನಿಂತನು. ತನ್ನ ಅನುಭವಗಳನ್ನು ಪುಸ್ತಕವಾಗಿ ಹೊರತರಬೇಕೆಂದು ಬಯಸಿದನು. ಬದುಕಿರುವತನಕ ಅದೂ ಆಗಲಿಲ್ಲ. 1894ರಲ್ಲಿ ವಾಷಿಂಗ್ಟನ್ ಪ್ರಾಂತದ ಒಂದು ಹಳ್ಳಿಗಾಡಿನಲ್ಲಿ, ತನ್ನ ಸೋದರನ ಮಗಳ ಆರೈಕೆಯಲ್ಲಿ ಅವನು ತೀರಿಕೊಂಡನು. ಕೊನೆಯುಸಿರೆಳೆಯುವಾಗ ಅವನ ಬಾಯಿಂದ ಹೊರಟ ಮಾತು ‘ಸಯೋನರ’ ಎಂದು ಹೇಳುತ್ತಾರೆ. ಜಪಾನೀ ಭಾಷೆಯಲ್ಲಿ ಅದು ಬೀಳ್ಕೊಡುವ ಮಾತು. ನಲವತ್ತೈದು ವರ್ಷಗಳ ಹಿಂದೆ ಕಿವಿಯಿಂದ ಕಲಿತ ಶಬ್ದ ಅವನ ನಾಲಗೆಯನ್ನು ಬಿಟ್ಟು ಹೋಗಿರಲಿಲ್ಲ. ಅವನ ಕಥನ ಅಚ್ಚಾದದ್ದು 1923ರಲ್ಲಿ. ಇಂದು ಅವನು ಹುಟ್ಟಿದ ಊರಿನಲ್ಲಿಯೂ, ದೋಣಿ ಮಗುಚಿದ ರಿಷಿರಿಯಲ್ಲಿಯೂ, ಸೆರೆಯಲ್ಲಿದ್ದ ನಾಗಸಾಕಿಯಲ್ಲಿಯೂ ಅವನ ನೆನಪಿನ ಕಲ್ಲುಗಳು ನಿಂತಿವೆ.

1987ರಲ್ಲಿ ಜಪಾನ್ ಸರ್ಕಾರವು ಪರದೇಶಗಳ ತರುಣ ತರುಣಿಯರನ್ನು ತನ್ನ ಶಾಲೆಗಳಿಗೆ ಕರೆಸಿ ಇಂಗ್ಲಿಷನ್ನು ಕಲಿಸುವ ಯೋಜನೆಯೊಂದನ್ನು ಆರಂಭಿಸಿತು. ಅಂದಿನಿಂದ ಸಾವಿರಾರು ಮಂದಿ ಅಲ್ಲಿಗೆ ಹೋಗಿದ್ದಾರೆ. ಅವರು ಹೋಗುವುದು ವಿಮಾನದಲ್ಲಿ. ಅವರಿಗಾಗಿ ಕೆಲಸ, ಸಂಬಳ, ವಾಸದ ಮನೆ ಎಲ್ಲವೂ ಕಾದಿರುತ್ತವೆ. ಆದರೂ ಹೊಸಿಲಿನಲ್ಲಿ ಪಾದರಕ್ಷೆಯನ್ನು ಕಳಚಿ ಒಳಹೊಗುವಾಗ, ಎಷ್ಟು ಬಾಗಿ ವಂದಿಸಬೇಕೆಂದು ತಿಳಿಯದೆ ತಡವರಿಸುವಾಗ, ರಾತ್ರಿಯ ಏಕಾಂತದಲ್ಲಿ ತಾಯ್ನುಡಿಯ ಒಂದು ಮಾತಿಗಾಗಿ ಕಿವಿ ಹಂಬಲಿಸುವಾಗ, ಅವರೂ ಮ್ಯಾಕ್‌ಡೊನಾಲ್ಡ್ ನಡೆದ ದಾರಿಯಲ್ಲಿಯೇ ನಡೆಯುತ್ತಿರುತ್ತಾರೆ. ಪರನಾಡಿನಲ್ಲಿ ಬೇರೂರುವುದು ಹೇಗೆಂಬುದನ್ನು ಅವನು ಸೂತ್ರವಾಗಿ ಹೇಳಲಿಲ್ಲ, ಬಾಳಿ ತೋರಿಸಿದನು: ಕೊಡುವುದಕ್ಕೆ ಒಂದು ಕೈಯನ್ನು ಚಾಚುವಾಗ ತೆಗೆದುಕೊಳ್ಳುವುದಕ್ಕೆ ಇನ್ನೊಂದನ್ನೂ ಚಾಚಿರಬೇಕು. ಆ ಕೋಣೆಯ ಸರಳುಗಳ ನಡುವೆ ಒಂದು ಕೈ ತೂರುವಷ್ಟು ಜಾಗವಿತ್ತು. ಪಾಠ ನಡೆಯಲು ಅಷ್ಟು ಸಾಕಾಯಿತು.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಮ್ಯಾಕ್‌ಡೊನಾಲ್ಡನ ತಾಯಿ ಯಾವ ಜನರಿಗೆ ಸೇರಿದವಳು?
2. ದೆಜಿಮ ದ್ವೀಪ ಎಲ್ಲಿದೆ? ಅದರ ಆಕಾರ ಎಂಥದು?
3. ರಿಷಿರಿಯಲ್ಲಿ ಮ್ಯಾಕ್‌ಡೊನಾಲ್ಡನನ್ನು ಮೊದಲು ಕಂಡವರು ಯಾರು?
4. ಕನಗಾವದ ಒಪ್ಪಂದ ಯಾವಾಗ ಆಯಿತು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ‘ಫೇಟನ್’ ನೌಕೆಯ ಪ್ರಸಂಗದಿಂದ ಜಪಾನ್ ಸರ್ಕಾರ ಕಲಿತ ಪಾಠವೇನು?
2. ವಿಚಾರಣೆಯ ವೇಳೆಯಲ್ಲಿ ಮೊರಿಯಾಮ ಮ್ಯಾಕ್‌ಡೊನಾಲ್ಡನನ್ನು ಹೇಗೆ ಕಾಪಾಡಿದನು?
3. ಇಂಗ್ಲಿಷ್ ಉಚ್ಚಾರದಲ್ಲಿ ಜಪಾನೀ ಶಿಷ್ಯರಿಗೆ ಇದ್ದ ತೊಡಕುಗಳಾವುವು? ಕನ್ನಡದಲ್ಲಿ ಅದಕ್ಕೆ ಹೋಲುವ ಸಂಗತಿಯಾವುದು?
4. ‘ಲಗೋಡ’ ಹಡಗಿನ ನಾವಿಕರಿಗೂ ಮ್ಯಾಕ್‌ಡೊನಾಲ್ಡನಿಗೂ ಇದ್ದ ಅಂತರವೇನು?

ಇ) ಸಂದರ್ಭವನ್ನು ಸೂಚಿಸಿ ಸ್ವಾರಸ್ಯವನ್ನು ವಿವರಿಸಿರಿ.
1. “ಹಸಿದವನಿಗೆ ಅನ್ನವಿಡುವುದಕ್ಕೆ ಭಾಷೆ ಬೇಕಾಗುವುದಿಲ್ಲ.”
2. “ಹೆಸರುಗಳಿವೆ, ಮನುಷ್ಯರೆಲ್ಲಿ?”
3. “ಗುರು ಹೋದನು, ಪಾಠ ಉಳಿಯಿತು.”

ಈ) ಬಿಡಿಸಿ ಸಂಧಿಯನ್ನು ಹೆಸರಿಸಿರಿ.
ಹಡಗೊಂದು, ವಿದ್ಯಾರ್ಥಿ, ಗುರುವಾದನು, ಆತ್ಮಾಹುತಿ.

ಉ) ನಿಮ್ಮ ಆಡುಮಾತಿನಲ್ಲಿ ಸ್ವರಾಂತವಾಗಿ ಮಾರ್ಪಟ್ಟಿರುವ ಹತ್ತು ಇಂಗ್ಲಿಷ್ ಶಬ್ದಗಳನ್ನು ಪಟ್ಟಿಮಾಡಿರಿ.